ಅನಾಥರಲ್ಲದ ಅನಾಥರು



ದಿಕ್ಕಿಲ್ಲದ ಮಗುವನ್ನು ಕರೆಯುವುದಕ್ಕೆ ನಮ್ಮ ನುಡಿಯಲ್ಲಿ ಮಾತುಗಳಿಗೆ ಬರಗಾಲವಿಲ್ಲ. ತಬ್ಬಲಿ ಎನ್ನುತ್ತೇವೆ, ಪರದೇಶಿ ಎನ್ನುತ್ತೇವೆ, ಅನಾಥ ಎನ್ನುತ್ತೇವೆ. ತಬ್ಬಲಿ ಎಂಬುದರಲ್ಲಿ ಕರುಳಿನ ಮರುಕವಿದೆ. ಹಟ್ಟಿಯಲ್ಲಿ ತಾಯಿಯಿಲ್ಲದ ಕರುವಿಗೂ ಅದೇ ಹೆಸರು. ಪರದೇಶಿ ಎಂಬುದು ಬೈಗುಳವಾಗಿಯೂ ಸಲ್ಲುತ್ತದೆ. ಅನಾಥನೆಂಬ ಮಾತಾದರೋ ಸಂಸ್ಕೃತದ ಗಾಂಭೀರ್ಯವನ್ನು ಹೊತ್ತು ಬಂದು ಕಟ್ಟಡಗಳ ಹೆಬ್ಬಾಗಿಲಿನ ಮೇಲೆ ನಿಂತುಬಿಟ್ಟಿದೆ. ನಾಥನಿಲ್ಲದವನು ಅನಾಥ, ಅವನಿರುವ ಆಲಯ ಅನಾಥಾಲಯ. ಈ ಮಾತಿನೊಳಗೆ ಒಂದು ತೀರ್ಪು ಅಡಗಿದೆ. ಈ ಮಗುವಿಗೆ ತನ್ನವರೆಂಬುವರು ಯಾರೂ ಇಲ್ಲ ಎಂಬುದೇ ಆ ತೀರ್ಪು. ಅದು ಎಷ್ಟುಮಟ್ಟಿಗೆ ನಿಜವೆಂಬುದನ್ನು ಈ ಹೊತ್ತು ಸ್ವಲ್ಪ ವಿಚಾರಮಾಡೋಣವೆಂದು ನಮ್ಮ ಉದ್ದೇಶ.

ಭಾರತ ಸರ್ಕಾರದ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯದವರು 2016-17ರಲ್ಲಿ ದೇಶದಲ್ಲಿರುವ ಮಕ್ಕಳ ಪಾಲನಾಸಂಸ್ಥೆಗಳನ್ನು ಎಣಿಸಿ ನೋಡಿಸಿದರು. ಅದರ ವರದಿ 2018ರಲ್ಲಿ ಹೊರಬಿದ್ದಿತು. 9,589 ಸಂಸ್ಥೆಗಳು, ಅವುಗಳಲ್ಲಿ 3 ಲಕ್ಷ 70 ಸಾವಿರಕ್ಕೆ ಮೇಲ್ಪಟ್ಟು ಮಕ್ಕಳು. ನೂರಕ್ಕೆ ತೊಂಬತ್ತರಷ್ಟು ಸಂಸ್ಥೆಗಳು ಸರ್ಕಾರದವಲ್ಲ, ಜನರೇ ಕಟ್ಟಿ ನಡೆಸುವಂಥವು. ಈ ಲೆಕ್ಕವನ್ನು ಓದುತ್ತ ಹೋದರೆ ಒಂದು ವಿಚಿತ್ರವಾದ ಸಂಗತಿ ಎದುರಾಗುತ್ತದೆ. ತಂದೆತಾಯಿಗಳಿಬ್ಬರನ್ನೂ ಕಳೆದುಕೊಂಡವರು, ಹೆತ್ತವರು ತೊರೆದುಹೋದವರು, ಹೆತ್ತವರೇ ಬಂದು ವಿಧಿವತ್ತಾಗಿ ಒಪ್ಪಿಸಿದವರು, ಈ ಮೂರು ಬಗೆಯ ಮಕ್ಕಳನ್ನೂ ಕೂಡಿಸಿದರೆ ಸುಮಾರು 56 ಸಾವಿರ ಆಗುತ್ತದೆ. ಎಂದರೆ ನೂರಕ್ಕೆ ಹದಿನೈದು. ತಂದೆಯೋ ತಾಯಿಯೋ ಒಬ್ಬರು ಬದುಕಿರುವ ಮಕ್ಕಳು ಸುಮಾರು 1 ಲಕ್ಷ 20 ಸಾವಿರ. ಅದು ಹತ್ತಿರ ಹತ್ತಿರ ಮೂರರಲ್ಲೊಂದು ಪಾಲು. ಉಳಿದವರಲ್ಲಿ ಮನೆಬಿಟ್ಟು ಓಡಿಬಂದವರುಂಟು, ಕೂಲಿಯಿಂದ ಬಿಡಿಸಿ ತಂದವರುಂಟು, ರೋಗಿಗಳ ಮಕ್ಕಳುಂಟು, ಸಾಕಲಾರದ ಬಡತನದಿಂದ ಬಂದವರುಂಟು. ಇವರಲ್ಲಿ ಬಹು ಮಂದಿಗೆ ಎಲ್ಲಿಯೋ ಒಂದು ಊರಿದೆ, ಆ ಊರಿನಲ್ಲಿ ಒಬ್ಬ ಅಜ್ಜಿಯೋ, ಸೋದರಮಾವನೋ, ದೊಡ್ಡಮ್ಮನೋ ಇದ್ದಾರೆ. ಹಲವರಿಗೆ ಹೆತ್ತ ತಾಯಿಯೇ ಇದ್ದಾಳೆ.

ಹೀಗಿರುವಲ್ಲಿ ನಾವು ಅನಾಥಾಲಯವೆಂದು ಕರೆಯುವ ಮನೆಯೊಳಗೆ ಇರುವವರು ಯಾರು? ಬಹುಮಟ್ಟಿಗೆ ನಾಥರುಳ್ಳವರೇ. ಆ ನಾಥರ ಕೈಯಲ್ಲಿ ಕಾಸಿಲ್ಲ, ಅಷ್ಟೆ.

ಈ ಮಾತಿನ ಹುರುಳನ್ನು ತಿಳಿಯಬೇಕಾದರೆ ಲಂಡನ್ ನಗರದ ಒಂದು ಹಳೆಯ ಸಂಸ್ಥೆಯ ಕಥೆಯನ್ನು ನೋಡಬಹುದು. ಥಾಮಸ್ ಕೋರಂ ಎಂಬ ಹಡಗಿನ ಕಪ್ತಾನನೊಬ್ಬನು ಬೀದಿಯ ಬದಿಯಲ್ಲಿ ಬಿಟ್ಟುಹೋದ ಹಸುಗೂಸುಗಳನ್ನು ನೋಡಿ ನೊಂದು, ವರ್ಷಾನುಗಟ್ಟಲೆ ದೊಡ್ಡವರ ಬಾಗಿಲುಗಳನ್ನು ತಟ್ಟಿ, 1739ರಲ್ಲಿ ಅರಸನಿಂದ ಸನ್ನದು ಪಡೆದು ಶಿಶುಗಳಿಗಾಗಿ ಒಂದು ಆಶ್ರಯವನ್ನು ಸ್ಥಾಪಿಸಿದನು. 1741ರಲ್ಲಿ ಮೊದಲ ಕೂಸುಗಳು ಒಳಕ್ಕೆ ಬಂದುವು. ತಂದವಳ ಹೆಸರನ್ನು ಕೇಳುತ್ತಿರಲಿಲ್ಲ. ಆದರೆ ಮುಂದೆ ಎಂದಾದರೂ ಮಗುವನ್ನು ಬಿಡಿಸಿಕೊಳ್ಳುವುದಕ್ಕೆ ಬಂದರೆ ಗುರುತು ಹಿಡಿಯುವುದಕ್ಕಾಗಿ ಒಂದು ಕುರುಹನ್ನು ಇಟ್ಟುಹೋಗಬಹುದಾಗಿತ್ತು. ಆ ಕುರುಹುಗಳು ಇಂದಿಗೂ ಲಂಡನ್ನಿನ ಒಂದು ವಸ್ತುಸಂಗ್ರಹಾಲಯದಲ್ಲಿವೆ. ಗುರುತುಮಾಡಿದ ಒಂದು ನಾಣ್ಯ, ಒಂದು ಗುಂಡಿ, ಒಂದು ರಿಬ್ಬನಿನ ತುಂಡು, ಮಗುವಿನ ಅಂಗಿಯಿಂದ ಕತ್ತರಿಸಿದ ಬಟ್ಟೆಯ ಚೂರು! ಇವನ್ನು ಇಟ್ಟವರು ಮಗುವನ್ನು ಬಿಸುಟುಹೋದವರಲ್ಲ. ಮರಳಿ ಬರಬೇಕೆಂದು ಆಸೆಯಿಟ್ಟುಕೊಂಡು ಹೋದವರು. ಬಂದು ಕರೆದುಕೊಂಡು ಹೋಗಲು ಸಮರ್ಥರಾದವರು ಮಾತ್ರ ತೀರ ಸ್ವಲ್ಪ. 1756ರಿಂದ 1760ರ ವರೆಗೆ ಪಾರ್ಲಿಮೆಂಟಿನ ಹಣ ಬಂದು, ಬಂದ ಕೂಸುಗಳನ್ನೆಲ್ಲ ಸೇರಿಸಿಕೊಳ್ಳಬೇಕೆಂದು ಕಟ್ಟಳೆಯಾದಾಗ ಹತ್ತಿರ ಹತ್ತಿರ 15 ಸಾವಿರ ಶಿಶುಗಳು ಬಂದುವು. ಅವುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಸತ್ತುಹೋದುವು. ಧರ್ಮಬುದ್ಧಿಗೆ ಅಲ್ಲಿ ಕೊರತೆಯಿರಲಿಲ್ಲ, ಕೊನೆಗೆ ಹಣಕ್ಕೂ ಇರಲಿಲ್ಲ. ಕೂಸೊಂದನ್ನು ಬದುಕಿಸುವ ತೋಳುಗಳು ಮಾತ್ರ ಅಷ್ಟು ಸಂಖ್ಯೆಯಲ್ಲಿ ದೊರೆಯಲಿಲ್ಲ.

ನಮ್ಮ ನಾಡಿನಲ್ಲಿ ಅನಾಥನೆಂಬ ಮಾತು ಅಕ್ಷರಶಃ ಸತ್ಯವಾಗಿದ್ದ ಕಾಲವೂ ಉಂಟು. ಧಾತು ಸಂವತ್ಸರದಲ್ಲಿ ತೊಡಗಿ ಈಶ್ವರ ಸಂವತ್ಸರದಲ್ಲಿ ಮುಗಿಲು ಮುಟ್ಟಿದ ಮಹಾಕ್ಷಾಮ, ಎಂದರೆ 1876ರಿಂದ 1878ರ ವರೆಗಿನದು, ಮೈಸೂರು ಸಂಸ್ಥಾನವನ್ನು ಹೇಗೆ ಹಿಂಡಿತೆಂಬುದಕ್ಕೆ ಜನಗಣತಿಯೇ ಸಾಕ್ಷಿ. 1871ರಲ್ಲಿ 50 ಲಕ್ಷದಷ್ಟಿದ್ದ ಜನ 1881ರಲ್ಲಿ 42 ಲಕ್ಷಕ್ಕೆ ಇಳಿದಿತ್ತು. ಮನೆಗೆ ಮನೆಯೇ ಅಳಿದುಹೋಗಿ ಮಗುವೊಂದು ಮಾತ್ರ ಉಳಿದದ್ದುಂಟು. ಆಗ ಕ್ರೈಸ್ತ ಮಿಷನ್ನಿನವರು ಅಂತಹ ಮಕ್ಕಳನ್ನು ಕೂಡಿಸಿ ಅನಾಥಾಲಯಗಳನ್ನು ತೆರೆದರು. ಅನಂತರದ ಕಾಲದಲ್ಲಿ ನಮ್ಮವರೂ ಈ ಕಾರ್ಯಕ್ಕೆ ಕೈಹಾಕಿದರು. ಮರಿಮಲ್ಲಪ್ಪ ಶಾಲೆಯ ಮುಖ್ಯೋಪಾಧ್ಯಾಯರಾಗಿದ್ದು, ತಾತಯ್ಯನವರೆಂದು ಊರಿಗೆಲ್ಲ ಬೇಕಾದವರಾಗಿದ್ದ ಎಂ. ವೆಂಕಟಕೃಷ್ಣಯ್ಯನವರು ಮೈಸೂರಿನ ಅನಾಥಾಲಯಕ್ಕಾಗಿ ದುಡಿದುದನ್ನು ಹಳಬರು ಇಂದಿಗೂ ನೆನೆಯುತ್ತಾರೆ. ಆ ಕಾಲಕ್ಕೆ ಆ ಕೆಲಸ ಬೇಕಾಗಿತ್ತು. ಅದನ್ನು ಮಾಡಿದವರು ಪುಣ್ಯಾತ್ಮರು. ಅದರಲ್ಲಿ ಸಂದೇಹವಿಲ್ಲ.

ಇದರ ಜೊತೆಯಲ್ಲಿಯೇ ನಮ್ಮಲ್ಲಿ ಇನ್ನೊಂದು ಪದ್ಧತಿಯಿತ್ತು, ವಾರಾನ್ನ. ಹಳ್ಳಿಯ ಬಡಹುಡುಗನು ಓದುವುದಕ್ಕಾಗಿ ಊರಿಗೆ ಬಂದರೆ ಏಳು ದಿನಕ್ಕೆ ಏಳು ಮನೆಗಳನ್ನು ಗೊತ್ತುಮಾಡಿಕೊಳ್ಳುತ್ತಿದ್ದನು. ಸೋಮವಾರದ ಮನೆಯಾಕೆಗೆ ಅವನಿಗೆ ಹಾಗಲಕಾಯಿ ಸೇರದೆಂದು ಗೊತ್ತಿರುತ್ತಿತ್ತು. ಗುರುವಾರದ ಮನೆಯ ಯಜಮಾನರು ಪರೀಕ್ಷೆಯ ಫಲ ಏನಾಯಿತೆಂದು ಕೇಳುತ್ತಿದ್ದರು. ಅವಮಾನದ ತುತ್ತೂ ಅದರಲ್ಲಿ ಬೆರೆತಿರುತ್ತಿತ್ತೆಂಬುದನ್ನು ಉಂಡವರು ಬರೆದಿಟ್ಟಿದ್ದಾರೆ. ಆ ಬಾಗಿಲುಗಳು ಎಲ್ಲ ಜಾತಿಯ ಮಕ್ಕಳಿಗೂ ತೆರೆದಿರಲಿಲ್ಲವೆಂಬುದನ್ನೂ ನಾವು ಮರೆಯಲಾಗದು. ಬೇರೆ ಬೇರೆ ಜನಾಂಗದವರು ವಿದ್ಯಾರ್ಥಿನಿಲಯಗಳನ್ನು ಕಟ್ಟಿದುದಕ್ಕೂ, ಸಿದ್ಧಗಂಗೆಯಂತಹ ಮಠಗಳು ಸಾವಿರಾರು ಮಕ್ಕಳಿಗೆ ಅನ್ನವನ್ನೂ ಅಕ್ಷರವನ್ನೂ ನೀಡಿದುದಕ್ಕೂ ಇದೂ ಒಂದು ಕಾರಣ. ಆದರೆ ವಾರಾನ್ನದ ಹುಡುಗನಾಗಲಿ ವಿದ್ಯಾರ್ಥಿನಿಲಯದ ಹುಡುಗನಾಗಲಿ ರಜೆ ಬಂದರೆ ಊರಿಗೆ ಹೋಗುತ್ತಿದ್ದನು. ಊರಿನಲ್ಲಿ ಅವನ ಹೆಸರು ಹಿಡಿದು ಕೂಗುವವರಿದ್ದರು. ಅವನು ಓದುವುದಕ್ಕೆ ಬಂದವನೇ ಹೊರತು ಅನಾಥನಲ್ಲ. ಇಂದು ಅದೇ ಬಡತನದ ಹುಡುಗನು ಅನಾಥಾಲಯದ ಬಾಗಿಲಿನಿಂದ ಒಳಕ್ಕೆ ಹೋದರೆ ಊರಿನ ದಾರಿ ಕ್ರಮೇಣ ಮುಚ್ಚಿಹೋಗುತ್ತದೆ. ವ್ಯತ್ಯಾಸವಿರುವುದು ಅಲ್ಲಿಯೇ.

ಒಳ್ಳೆಯ ಊಟ, ಬಟ್ಟೆ, ಶಾಲೆ ಇಷ್ಟು ದೊರೆತರೆ ಸಾಲದೆ, ಮನೆಯಾದರೇನು ಮಂದಿರವಾದರೇನು ಎಂದು ಕೇಳುವವರುಂಟು. ಇದಕ್ಕೆ ಉತ್ತರವನ್ನು ವಿದ್ವಾಂಸರು ಬಹಳ ಕಾಲದಿಂದ ಹುಡುಕುತ್ತಿದ್ದಾರೆ. 1951ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯವರು ಪ್ರಕಟಿಸಿದ ಜಾನ್ ಬೌಲ್ಬಿಯವರ ವರದಿಯು, ಎಳೆಯ ಮಗುವಿಗೆ ತಾಯಿಯ ಅಥವಾ ತಾಯಿಯಂತಹ ಒಬ್ಬರ ನಿರಂತರವಾದ ಒಡನಾಟವು ಮನಸ್ಸಿನ ಆರೋಗ್ಯಕ್ಕೆ ಅನ್ನದಷ್ಟೇ ಅಗತ್ಯವೆಂದು ಸಾರಿತು. ಆದರೂ ಸಂಶಯವುಳ್ಳವರು ಇದ್ದೇ ಇದ್ದರು. ಸಂಸ್ಥೆಗೆ ಬರುವ ಮಕ್ಕಳು ಮೊದಲೇ ದುರ್ಬಲರಾಗಿರಬಹುದಲ್ಲವೆ, ತಪ್ಪು ಸಂಸ್ಥೆಯದೇ ಎಂದು ಹೇಗೆ ಹೇಳುವುದು, ಎಂಬುದು ಅವರ ವಾದ. ಅದು ನ್ಯಾಯವಾದ ವಾದವೇ ಸರಿ.

ಅದಕ್ಕೆ ಉತ್ತರ ಬಂದುದು ರುಮೇನಿಯ ದೇಶದಿಂದ. ಅಲ್ಲಿಯ ಸರ್ವಾಧಿಕಾರಿ ಜನಸಂಖ್ಯೆಯನ್ನು ಹೆಚ್ಚಿಸಬೇಕೆಂದು 1966ರಲ್ಲಿ ಗರ್ಭಪಾತವನ್ನು ನಿಷೇಧಿಸಿದನು. ಸಾಕಲಾರದೆ ಹೆತ್ತ ಮಕ್ಕಳಿಂದ ಸರ್ಕಾರದ ಶಿಶುಮಂದಿರಗಳು ತುಂಬಿಹೋದುವು. 1989ರಲ್ಲಿ ಆ ಆಡಳಿತ ಉರುಳಿದಾಗ ಲಕ್ಷಕ್ಕೂ ಮೇಲ್ಪಟ್ಟು ಮಕ್ಕಳು ಅಲ್ಲಿದ್ದರು. ಮುಂದೆ 2000ದ ಸುಮಾರಿಗೆ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಜೀನಾ ಎಂಬ ಮೂವರು ಅಮೆರಿಕದ ವಿದ್ವಾಂಸರು ಬುಖಾರೆಸ್ಟ್ ನಗರದ ಶಿಶುಮಂದಿರಗಳಲ್ಲಿದ್ದ 136 ಮಕ್ಕಳನ್ನು ಆರಿಸಿ, ಚೀಟಿಯೆತ್ತಿದಂತೆ ಎರಡು ಪಾಲುಮಾಡಿದರು. ಒಂದು ಪಾಲಿನ ಮಕ್ಕಳನ್ನು, ತರಬೇತಿ ಕೊಟ್ಟು ಸಂಭಾವನೆಯನ್ನೂ ಗೊತ್ತುಮಾಡಿದ ಸಾಕುಮನೆಗಳಲ್ಲಿ ಇರಿಸಿದರು. ಇನ್ನೊಂದು ಪಾಲಿನವರು ಹಿಂದಿನಂತೆಯೇ ಇದ್ದರು. ವರ್ಷಗಳು ಕಳೆದಂತೆ ವ್ಯತ್ಯಾಸವು ಕಣ್ಣಿಗೆ ಕಾಣುವಂತಾಯಿತು. ಸಾಕುಮನೆಗೆ ಹೋದ ಮಕ್ಕಳ ಬುದ್ಧಿ ಬೆಳೆಯಿತು, ಮಾತು ಬೆಳೆಯಿತು, ಒಬ್ಬರನ್ನು ನೆಚ್ಚಿ ಅಪ್ಪಿಕೊಳ್ಳುವ ಶಕ್ತಿ ಬೆಳೆಯಿತು. ಅದರಲ್ಲಿಯೂ ಎರಡು ವರ್ಷ ತುಂಬುವುದಕ್ಕೆ ಮೊದಲೇ ಹೋದವರಿಗೆ ಆದ ಲಾಭ ಹೆಚ್ಚಿನದು. ಮೂರು ಹೊತ್ತಿನ ಊಟ ಎರಡು ಕಡೆಯೂ ಇತ್ತು. ಅತ್ತರೆ ಎತ್ತಿಕೊಳ್ಳುವ ಕೈ ಪ್ರತಿದಿನವೂ ಅದೇ ಕೈಯಾಗಿರುವುದು ಒಂದು ಕಡೆ ಮಾತ್ರ ಸಾಧ್ಯವಾಯಿತು.

ನಮ್ಮ ದೇಶದ ಶಾಸನವೂ ಈ ತತ್ತ್ವವನ್ನು ಒಪ್ಪಿಕೊಂಡಿದೆ. ಮಕ್ಕಳ ಹಕ್ಕುಗಳ ವಿಶ್ವಸಂಸ್ಥೆಯ ಒಡಂಬಡಿಕೆಗೆ ಭಾರತ 1992ರಲ್ಲಿ ಸೇರಿತು. ಇಂದು ಜಾರಿಯಲ್ಲಿರುವುದು 2015ರ ಬಾಲನ್ಯಾಯ ಅಧಿನಿಯಮ. 2016ರ ಜನವರಿ 15ರಿಂದ ಅದು ನಡೆಯುತ್ತಿದೆ. ಮಗುವನ್ನು ಸಂಸ್ಥೆಯಲ್ಲಿರಿಸುವುದು ಕೊಟ್ಟಕೊನೆಯ ಉಪಾಯವೆಂದು ಅದರ ಮೂಲತತ್ತ್ವಗಳಲ್ಲಿಯೇ ಹೇಳಿದೆ. ರಕ್ಷಣೆ ಬೇಕಾದ ಮಗು ಕಣ್ಣಿಗೆ ಬಿದ್ದರೆ ಅದನ್ನು ಯಾರೂ ತಮಗೆ ತೋರಿದ ಆಶ್ರಮಕ್ಕೆ ನೇರವಾಗಿ ಒಯ್ದು ಬಿಟ್ಟುಬರುವ ಹಾಗಿಲ್ಲ. ಪ್ರಯಾಣದ ಕಾಲವನ್ನು ಬಿಟ್ಟು 24 ಗಂಟೆಗಳೊಳಗಾಗಿ ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ತರಬೇಕು. ಸಮಿತಿಯಲ್ಲಿ ಒಬ್ಬ ಅಧ್ಯಕ್ಷರು, ನಾಲ್ವರು ಸದಸ್ಯರು, ಒಬ್ಬರಾದರೂ ಮಹಿಳೆಯಾಗಿರಬೇಕು. ಅದಕ್ಕೆ ಮ್ಯಾಜಿಸ್ಟ್ರೇಟರ ಅಧಿಕಾರವಿದೆ. ಮಗುವಿನ ಮನೆ ಎಲ್ಲಿ, ಮನೆಯವರು ಯಾರು, ಅಲ್ಲಿಗೆ ಹಿಂದಿರುಗಿದರೆ ಕ್ಷೇಮವೇ ಎಂಬುದನ್ನು ವಿಚಾರಿಸಿ ನಾಲ್ಕು ತಿಂಗಳೊಳಗೆ ತೀರ್ಮಾನ ಹೇಳಬೇಕು. ಮಗುವನ್ನು ಕಂಡ ಸಾಮಾನ್ಯ ಜನರು ಮಾಡಬೇಕಾದುದು ಇಷ್ಟೇ: 1098 ಎಂಬ ಸಂಖ್ಯೆಗೆ ದೂರವಾಣಿಯಲ್ಲಿ ತಿಳಿಸುವುದು. 1996ರಲ್ಲಿ ಮುಂಬಯಿಯಲ್ಲಿ ಬೀದಿಮಕ್ಕಳಿಗಾಗಿ ತೊಡಗಿದ ಈ ಸೇವೆ ಅನಂತರ ದೇಶಕ್ಕೆಲ್ಲ ಹರಡಿ, 2023ರಿಂದ ಸರ್ಕಾರದ ಆಡಳಿತದಲ್ಲಿ ನಡೆಯುತ್ತಿದೆ.

ಶಾಸನವು ಚೆನ್ನಾಗಿದೆ. ಅದು ಚೆನ್ನಾಗಿರುವುದರಿಂದಲೇ ಕೆಲಸ ನಡೆದುಬಿಡುವುದಾದರೆ ನಾವು ಈ ಮಾತನ್ನು ಆಡುವ ಅಗತ್ಯವಿರಲಿಲ್ಲ.

ಕಲಬುರಗಿಯ ಕಡೆಯಿಂದಲೋ ರಾಯಚೂರಿನ ಕಡೆಯಿಂದಲೋ ಬೆಂಗಳೂರಿಗೆ ಗಾರೆಕೆಲಸಕ್ಕೆ ಬಂದ ಒಬ್ಬ ಹೆಂಗಸನ್ನು ಭಾವಿಸಿಕೊಳ್ಳಿ. ಗಂಡ ತೀರಿಹೋಗಿದ್ದಾನೆ. ಕಟ್ಟುತ್ತಿರುವ ಮನೆಯ ಪಕ್ಕದಲ್ಲಿಯೇ ತಗಡಿನ ಗುಡಿಸಲು. ಒಂದು ಕೆಲಸ ಮುಗಿದರೆ ಗುಡಿಸಲು ಇನ್ನೊಂದು ಬಡಾವಣೆಗೆ ಹೋಗುತ್ತದೆ. ಮಕ್ಕಳ ಶಾಲೆ ಅಲ್ಲಿಗೆ ನಿಂತಿತು. ಹೆಣ್ಣುಮಗುವನ್ನು ಹಗಲೆಲ್ಲ ಒಬ್ಬಳನ್ನೇ ಬಿಡುವುದಕ್ಕೆ ಭಯ. ಯಾರೋ ಬಂದು, ಒಂದು ಆಶ್ರಮವಿದೆ, ಅಲ್ಲಿ ಊಟ ಬಟ್ಟೆ ಶಾಲೆ ಎಲ್ಲ ಧರ್ಮಾರ್ಥ ಎನ್ನುತ್ತಾರೆ. ತಾಯಿ ಮಗುವನ್ನು ಒಪ್ಪಿಸುತ್ತಾಳೆ. ಅವಳ ದೃಷ್ಟಿಯಲ್ಲಿ ಅದು ಪ್ರೀತಿಯ ಕೆಲಸವೇ. ಮೊದಲ ವರ್ಷ ಎರಡು ಸಲ ಬಂದು ನೋಡುತ್ತಾಳೆ. ಒಂದು ದಿನದ ಕೂಲಿ ಹೋಗುತ್ತದೆ, ಬಸ್ಸಿನ ಖರ್ಚು ಬೇರೆ. ಕಾಣುವುದಕ್ಕೆ ಗೊತ್ತಾದ ವಾರವನ್ನು ತಪ್ಪಿ ಬಂದರೆ ಬಾಗಿಲಿನಿಂದಲೇ ಹಿಂದಿರುಗಬೇಕು. ಮೂರನೆಯ ವರ್ಷದ ಹೊತ್ತಿಗೆ ಬರುವುದು ನಿಲ್ಲುತ್ತದೆ. ಮಗುವಿನ ಬಾಯಿಯಲ್ಲಿ ಊರಿನ ಮಾತು ಹೋಗಿ ಬೇರೆಯ ಮಾತು ನೆಲೆಸಿರುತ್ತದೆ. ಆಗ ಆ ಮಗು ನಿಜವಾಗಿಯೂ ಅನಾಥವಾಯಿತು. ಅದನ್ನು ಹಾಗೆ ಮಾಡಿದವರು ಯಾರೂ ದುಷ್ಟರಲ್ಲ.

ಇದೇ ತಾಯಿಗೆ ತಿಂಗಳಿಗೆ ಒಂದಿಷ್ಟು ಹಣದ ಆಸರೆಯೂ, ಹಗಲುಹೊತ್ತು ಮಗುವನ್ನು ನೋಡಿಕೊಳ್ಳುವ ಒಂದು ಶಿಶುವಿಹಾರವೂ, ಶಾಲೆಯಿಂದ ಶಾಲೆಗೆ ಸೇರಿಸಿಕೊಡುವ ಒಬ್ಬ ಕಾರ್ಯಕರ್ತೆಯೂ ದೊರೆತಿದ್ದರೆ ಮಗು ಅವಳ ಮಗ್ಗುಲಲ್ಲಿಯೇ ಮಲಗುತ್ತಿತ್ತು. ಇದು ಕನಸಲ್ಲ. ಕೇಂದ್ರ ಸರ್ಕಾರದ ಮಿಷನ್ ವಾತ್ಸಲ್ಯ ಎಂಬ ಯೋಜನೆಯ 2022ರ ಮಾರ್ಗಸೂಚಿಗಳಲ್ಲಿ, ಇಂತಹ ಮಗು ಮನೆಯಲ್ಲಿಯೇ ಬೆಳೆಯುವುದಕ್ಕಾಗಿ ಪ್ರಾಯೋಜಕತ್ವವೆಂಬ ಹೆಸರಿನಲ್ಲಿ ತಿಂಗಳಿಗೆ 4,000 ರೂಪಾಯಿಗಳನ್ನು ಗೊತ್ತುಮಾಡಿದೆ. 2021ರಲ್ಲಿ ಕೋವಿಡ್ ಹಾವಳಿಯಿಂದ ತಂದೆತಾಯಿಗಳನ್ನು ಕಳೆದುಕೊಂಡ ಮಕ್ಕಳಿಗಾಗಿ ಕರ್ನಾಟಕ ಸರ್ಕಾರ ಬಾಲಸೇವಾ ಯೋಜನೆಯನ್ನು ಹೊರಡಿಸಿ, ಪೋಷಿಸುವ ಬಂಧುಗಳ ಕೈಗೆ ತಿಂಗಳಿಗೆ 3,500 ರೂಪಾಯಿ ಸಲ್ಲುವಂತೆ ಮಾಡಿತು. ಹಣ ಮಗುವಿರುವ ಮನೆಯನ್ನು ಹುಡುಕಿಕೊಂಡು ಹೋದರೆ, ಮಗು ಹಣವಿರುವ ಕಟ್ಟಡವನ್ನು ಹುಡುಕಿಕೊಂಡು ಬರಬೇಕಾಗಿಲ್ಲ. ಕಟ್ಟಡ, ಅಡಿಗೆಯವರು, ಕಾವಲಿನವರು, ಮೇಲ್ವಿಚಾರಕರು ಇವರೆಲ್ಲರ ವೆಚ್ಚವನ್ನೂ ಸೇರಿಸಿ ಲೆಕ್ಕ ಹಾಕಿದರೆ ಆಶ್ರಮದಲ್ಲಿ ಒಂದು ಮಗುವಿಗೆ ಆಗುವ ಖರ್ಚು ಇದಕ್ಕಿಂತ ಕಡಮೆಯಾಗಲಾರದು.

ಹಾಗಾದರೆ ಬಾಲಮಂದಿರಗಳನ್ನೆಲ್ಲ ಮುಚ್ಚಿಬಿಡಬೇಕೆ? ಆ ಅಭಿಪ್ರಾಯ ನಮ್ಮದಲ್ಲ. ಮನೆಯೇ ಭಯಸ್ಥಾನವಾಗಿರುವ ಮಕ್ಕಳಿದ್ದಾರೆ. ಕುಡಿದು ಬಂದ ತಂದೆ ಬೆಲ್ಟಿನಿಂದ ಹೊಡೆಯುವ ಮನೆ, ಹದಿಮೂರು ವರ್ಷದ ಹುಡುಗಿಗೆ ಮದುವೆಯನ್ನು ಗೊತ್ತುಮಾಡಿದ ಮನೆ, ಬಂಧುವೇ ಕೈಮಾಡಿದ ಮನೆ, ಮಗುವನ್ನು ಕೆಲಸಕ್ಕೆಂದು ಮಾರಿದ ಮನೆ. ಇಂತಹ ಕಡೆಯಿಂದ ನಡುರಾತ್ರಿಯಲ್ಲಿ ಬಿಡಿಸಿ ತಂದ ಮಗುವಿಗೆ ಆ ರಾತ್ರಿಯೇ ಒಂದು ಬಾಗಿಲು ತೆರೆಯಬೇಕು. ಒಳಗೆ ಬಿಸಿ ಅನ್ನವಿರಬೇಕು, ಪ್ರಶ್ನೆಗಳು ಬೆಳಗಿನವರೆಗೆ ಕಾಯಬೇಕು. ಆ ಬಾಗಿಲೇ ಬಾಲಮಂದಿರ. ಅದು ಇಲ್ಲದ ಜಿಲ್ಲೆ ಅಪಾಯದ ಜಿಲ್ಲೆ. ಎಷ್ಟು ಮಕ್ಕಳು ಒಳಕ್ಕೆ ಬಂದರೆಂದು ಎಣಿಸುವುದಕ್ಕಿಂತ, ಎಷ್ಟು ಮಂದಿ ಕ್ಷೇಮವಾಗಿ ಒಂದು ಮನೆಗೆ, ತಮ್ಮದಕ್ಕೋ ಬಂಧುಗಳದಕ್ಕೋ ದತ್ತು ಪಡೆದವರದಕ್ಕೋ, ಹಿಂದಿರುಗಿದರೆಂದು ಎಣಿಸುವುದು ಅದಕ್ಕೆ ತಕ್ಕ ಅಳತೆ.

ಹಿಂದಿರುಗುವ ದಾರಿ ಇಲ್ಲದೆ ಅಲ್ಲಿಯೇ ಬೆಳೆಯಬೇಕಾದ ಮಕ್ಕಳಿಗೆ ಬಾಲಮಂದಿರ ಹೇಗಿರಬೇಕು? ನಿಯಮಗಳಲ್ಲಿ ಎಲ್ಲವನ್ನೂ ಬರೆದಿದೆ. ಮಲಗುವ ಕೋಣೆಯಲ್ಲಿ ಮಗುವೊಂದಕ್ಕೆ 40 ಚದರಡಿ ಎಂದಿದೆ. ಪ್ರತಿಯೊಂದು ಮಗುವಿಗೂ ಪ್ರತ್ಯೇಕವಾದ ಪಾಲನಾಯೋಜನೆ ಎಂದಿದೆ. ಮಕ್ಕಳದೇ ಒಂದು ಸಮಿತಿ, ದೂರುಪೆಟ್ಟಿಗೆ ಎಂದಿದೆ. ಇವೆಲ್ಲ ಇರಲಿ. ಆದರೆ ನೋಡುವವರು ನೋಡಬೇಕಾದುವು ಬೇರೆಯೂ ಕೆಲವಿವೆ. ಮಗುವಿಗೆ ತನ್ನದೇ ಆದ ಒಂದು ಟ್ರಂಕು ಇದೆಯೆ, ಅದರ ಬೀಗದಕೈ ಮಗುವಿನ ಹತ್ತಿರವಿದೆಯೆ? ಒಗೆದು ಬಂದ ಬಟ್ಟೆಗಳ ರಾಶಿಯಿಂದ ಸಿಕ್ಕಿದ್ದನ್ನು ತೊಡಬೇಕೆ, ಅಥವಾ ಅಂಗಿ ಅವನದೇ ಅಂಗಿಯೆ? ಅಕ್ಕ ಒಂದು ಸಂಸ್ಥೆಯಲ್ಲಿ, ತಮ್ಮ ಇನ್ನೊಂದು ಸಂಸ್ಥೆಯಲ್ಲಿ ಎಂದು ಹರಿದು ಹಂಚಿಲ್ಲವಷ್ಟೆ? ಜ್ವರ ಬಂದ ರಾತ್ರಿ ಮಗು ಯಾರ ಹೆಸರನ್ನು ಕರೆಯುತ್ತದೆ? ಕರೆದರೆ ಬರುವ ಗೃಹಮಾತೆ ಕಳೆದ ವರ್ಷ ಇದ್ದವಳೇ, ಅಥವಾ ಆರು ತಿಂಗಳಿಗೊಬ್ಬಳಂತೆ ಬದಲಾಗುವವಳೇ? ಕೊನೆಯ ಪ್ರಶ್ನೆ ಸಂಬಳದ ಪ್ರಶ್ನೆಯೂ ಹೌದು. ಹಗಲಿರುಳೂ ಇಪ್ಪತ್ತೈದು ಮಕ್ಕಳನ್ನು ನೋಡಿಕೊಳ್ಳುವ ಹೆಂಗಸಿಗೆ ಅಲ್ಪವೇತನವನ್ನು ಕೊಟ್ಟು ಅವಳಿಂದ ಮಾತೃವಾತ್ಸಲ್ಯವನ್ನು ಎದುರುನೋಡುವುದು ಲೋಕಕ್ಕೆ ರೂಢಿಯಾಗಿಬಿಟ್ಟಿದೆ.

ತನಿಖೆಯ ವಿಷಯದಲ್ಲಿಯೂ ಒಂದು ಮಾತು. ತಮಿಳುನಾಡಿನ ಅನಾಥಾಲಯಗಳಲ್ಲಿ ನಡೆದ ಅನ್ಯಾಯಗಳನ್ನು ಕುರಿತ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರ ಮೇ ತಿಂಗಳಲ್ಲಿ ತೀರ್ಪಿತ್ತು, ಎಲ್ಲ ಸಂಸ್ಥೆಗಳನ್ನೂ ನೋಂದಾಯಿಸಬೇಕೆಂದು ಅಪ್ಪಣೆಮಾಡಿತು. ನೋಂದಣಿಯಿಲ್ಲದೆ ಮಕ್ಕಳನ್ನು ಇಟ್ಟುಕೊಳ್ಳುವುದು ಇಂದು ಶಿಕ್ಷಾರ್ಹವಾದ ಅಪರಾಧ. ಆದರೆ ನೋಂದಣಿಯೊಂದರಿಂದಲೇ ಮಗು ಸುರಕ್ಷಿತವಾಗುವುದಿಲ್ಲವೆಂಬುದನ್ನು ಬಿಹಾರದ ಮುಜಫ್ಫರಪುರದ ಪ್ರಕರಣ ತೋರಿಸಿಕೊಟ್ಟಿತು. ಸರ್ಕಾರದ ಹಣದಿಂದ ನಡೆಯುತ್ತಿದ್ದ ಬಾಲಕಿಯರ ಆಶ್ರಯ ಅದು. ಟಾಟಾ ಸಮಾಜವಿಜ್ಞಾನ ಸಂಸ್ಥೆಯವರು ಹೋಗಿ ಹುಡುಗಿಯರೊಡನೆ ಮಾತನಾಡಿ ಬರೆದ ವರದಿಯಿಂದ ಅಲ್ಲಿಯ ಘೋರ ಕೃತ್ಯಗಳು 2018ರಲ್ಲಿ ಬೆಳಕಿಗೆ ಬಂದುವು. ದೆಹಲಿಯ ನ್ಯಾಯಾಲಯ 2020ರಲ್ಲಿ ತಪ್ಪಿತಸ್ಥರಿಗೆ ಶಿಕ್ಷೆ ವಿಧಿಸಿತು. ರಿಜಿಸ್ಟರುಗಳನ್ನು ನೋಡುವ ತನಿಖೆ ಒಂದು. ಮೇಲ್ವಿಚಾರಕರನ್ನು ಹೊರಗೆ ನಿಲ್ಲಿಸಿ ಮಕ್ಕಳ ಪಕ್ಕದಲ್ಲಿ ಕುಳಿತು ಕೇಳುವ ತನಿಖೆ ಇನ್ನೊಂದು.

ಇನ್ನು ನಮ್ಮ ನಗರಗಳಲ್ಲಿ ಬೆಳೆದಿರುವ ಒಂದು ವಾಡಿಕೆಯ ವಿಷಯ. ನಮ್ಮ ಮಗುವಿನ ಹುಟ್ಟುಹಬ್ಬಕ್ಕೋ ಹಿರಿಯರ ಪುಣ್ಯತಿಥಿಗೋ ಅನಾಥಾಲಯವೊಂದರಲ್ಲಿ ಊಟ ಹಾಕಿಸುತ್ತೇವೆ. ಉದ್ದೇಶ ಒಳ್ಳೆಯದೇ. ಮಕ್ಕಳು ಸಾಲಾಗಿ ನಿಂತು ಪ್ರಾರ್ಥನೆ ಹೇಳುತ್ತಾರೆ. ಹೊಸ ಬಟ್ಟೆಯ ಮಗು ಕೇಕು ಕೊಯ್ಯುವುದನ್ನು ಹಳೆಯ ಬಟ್ಟೆಯ ಮಕ್ಕಳು ನೋಡಿ ಚಪ್ಪಾಳೆ ತಟ್ಟುತ್ತಾರೆ. ಅವರಲ್ಲಿ ಎಷ್ಟೋ ಮಂದಿಗೆ ತಮ್ಮ ಹುಟ್ಟಿದ ದಿನ ಯಾವುದೆಂಬುದೇ ಗೊತ್ತಿಲ್ಲ. ವೈದ್ಯರು ಅಂದಾಜುಮಾಡಿ ಬರೆದದ್ದೇ ದಿನ. ಭಾವಚಿತ್ರಗಳನ್ನು ತೆಗೆದು ಊರಿಗೆಲ್ಲ ತೋರಿಸುತ್ತೇವೆ. ಪಾಲನಾಸಂಸ್ಥೆಯ ಮಗುವಿನ ಗುರುತನ್ನು ಬಹಿರಂಗಪಡಿಸುವುದಕ್ಕೆ ಶಾಸನದ ತಡೆಯಿದೆಯೆಂಬುದು ನಮಗೆ ತಿಳಿದಿರುವುದಿಲ್ಲ. ದಾನಿಗಳು ಹೆಚ್ಚಾದ ಭಾನುವಾರ ಎರಡು ಸಲ ಪಾಯಸ, ಬುಧವಾರ ಎಂದಿನ ತಿಳಿಸಾರು. ಇದಕ್ಕಿಂತ ಕಠಿನವಾದ ಮಾತೊಂದಿದೆ. ದಾನವು ಮಕ್ಕಳ ತಲೆಯೆಣಿಕೆಯನ್ನು ನೋಡಿ ಬರುವಲ್ಲಿ ತಲೆಗಳು ಕಡಮೆಯಾಗಬಾರದೆಂಬ ಆಸೆಯೂ ತಾನಾಗಿ ಹುಟ್ಟುತ್ತದೆ. ಹತ್ತು ಮಕ್ಕಳನ್ನು ಮನೆಗೆ ಸೇರಿಸಿದ ಸಂಸ್ಥೆಗೆ ಮುಂದಿನ ವರ್ಷ ಹಣ ಇಳಿಯುವುದಾದರೆ ಮನೆಗೆ ಸೇರಿಸುವವರು ಯಾರು?

ಕೊಡುವವರು ಕೊಡುವ ಮುಂಚೆ ಸಂಸ್ಥೆಯವರನ್ನು ವಿನಯದಿಂದ ಎರಡು ಮೂರು ಮಾತು ಕೇಳಬಹುದು. ಸಂಸ್ಥೆ ನೋಂದಣಿಯಾಗಿದೆಯೆ? ಪ್ರತಿಯೊಂದು ಮಗುವೂ ಕಲ್ಯಾಣ ಸಮಿತಿಯ ಆಜ್ಞೆಯಿಂದಲೇ ಬಂದಿದೆಯೆ? ಕಳೆದ ವರ್ಷ ಎಷ್ಟು ಮಕ್ಕಳು ತಮ್ಮವರನ್ನು ಸೇರಿದರು? ತಾಯಂದಿರು ಬಂದುಹೋಗುವ ಬಸ್ಸಿನ ಖರ್ಚಿಗೆ ನಾವು ಹಣ ಕೊಟ್ಟರೆ ಆದೀತೆ? ಕೊನೆಯ ಈ ಪ್ರಶ್ನೆಯನ್ನು ಕೇಳಿದವರು ಅಪೂರ್ವ. ಒಂದು ಹುಟ್ಟುಹಬ್ಬದ ಊಟದ ವೆಚ್ಚದಲ್ಲಿ ಹಲವು ತಾಯಂದಿರು ವರ್ಷವೆಲ್ಲ ಬಂದು ಮಕ್ಕಳನ್ನು ನೋಡಿಹೋಗಬಹುದು.

ಹದಿನೆಂಟು ವರ್ಷ ತುಂಬಿದ ದಿನ ಮಗುವು ಶಾಸನದ ಕಣ್ಣಿನಲ್ಲಿ ಮಗುವಲ್ಲ. ನಮ್ಮ ನಿಮ್ಮ ಮನೆಗಳಲ್ಲಿ ಹದಿನೆಂಟರ ಹುಡುಗನಿಗೆ ಸ್ನಾನಕ್ಕೆ ಏಳೆಂದು ಇನ್ನೂ ಕೂಗಬೇಕು. ಬಾಲಮಂದಿರದ ಹುಡುಗನು ಮಾತ್ರ ಅಂದು ಸ್ವತಂತ್ರನು. ಅವನಿಗಾಗಿ ಅನುಪಾಲನೆಯೆಂಬ ಏರ್ಪಾಡಿದೆ: 21 ವರ್ಷದ ವರೆಗೆ, ವಿಶೇಷ ಸಂದರ್ಭಗಳಲ್ಲಿ 23ರ ವರೆಗೆ, ವಸತಿಗೂ ಓದಿಗೂ ಕಸುಬಿಗೂ ನೆರವು. ವಾತ್ಸಲ್ಯ ಯೋಜನೆಯಲ್ಲಿ ಇದಕ್ಕೂ ತಿಂಗಳಿಗೆ 4,000 ರೂಪಾಯಿ ಗೊತ್ತಾಗಿದೆ. ಅಗತ್ಯವಿರುವವರಿಗೆಲ್ಲ ಈ ನೆರವು ಮುಟ್ಟಬೇಕಾದರೆ, ಹುಡುಗನಿಗೆ ಹದಿನಾರು ತುಂಬಿದಾಗಲೇ ಆಧಾರ್, ಬ್ಯಾಂಕಿನ ಖಾತೆ, ಶಾಲೆಯ ಪ್ರಮಾಣಪತ್ರ, ಜಾತಿ ಪ್ರಮಾಣಪತ್ರ ಇವನ್ನೆಲ್ಲ ಸಿದ್ಧಪಡಿಸತೊಡಗಬೇಕು. ಜಾತಿ ಪ್ರಮಾಣಪತ್ರಕ್ಕೆ ತಂದೆಯ ದಾಖಲೆ ಕೇಳುತ್ತಾರೆ. ತಂದೆಯೇ ಯಾರೆಂದು ತಿಳಿಯದವನು ಕಚೇರಿಯಿಂದ ಕಚೇರಿಗೆ ಅಲೆಯುತ್ತಾನೆ. ವರ್ಷಗಳ ಹಿಂದೆ ದಾಖಲಾತಿಯ ದಿನವೇ ಊರಿನ ಹೆಸರನ್ನೂ ಅಜ್ಜಿಯ ಹೆಸರನ್ನೂ ಒಬ್ಬರು ಕೇಳಿ ಬರೆದಿಟ್ಟಿದ್ದರೆ ಈ ಅಲೆದಾಟ ಎಷ್ಟೋ ತಪ್ಪುತ್ತಿತ್ತು.

ಕಚೇರಿಯ ಕಷ್ಟಗಳು ಕಚೇರಿಯಲ್ಲಿ ತೀರಬೇಕು. ಇನ್ನೊಂದು ಕಷ್ಟ ನಮ್ಮ ಬೀದಿಗಳಲ್ಲಿಯೇ ಇದೆ. ಕೆಲಸ ಸಿಕ್ಕಿದ ಹುಡುಗ ಬಾಡಿಗೆಗೆ ಒಂದು ಕೋಣೆ ಹುಡುಕಿಕೊಂಡು ಬರುತ್ತಾನೆ. ಮನೆಯ ಯಜಮಾನರು ಯಾವ ಊರು, ತಂದೆಗೆ ಏನು ಕೆಲಸ, ನಿಮ್ಮ ಕಡೆಯವರು ಯಾರಿದ್ದಾರೆ ಎಂದು ಕೇಳುತ್ತಾರೆ. ಅವನು ನಿಜ ಹೇಳಿದರೆ ಕೋಣೆ ಖಾಲಿಯಿಲ್ಲ; ಸುಳ್ಳು ಹೇಳಿದರೆ ಮುಂದೆ ಅದಕ್ಕೊಂದು ಲೆಕ್ಕ ಕೊಡಬೇಕು. ಹುಡುಗಿಯಾದರೆ ಕೇಳುವ ಪ್ರಶ್ನೆಗಳು ಇನ್ನೂ ಹೆಚ್ಚು. ಈ ಭಾಷಣವನ್ನು ಕೇಳುತ್ತಿರುವವರಲ್ಲಿ ಮಹಡಿಯ ಮೇಲೆ ಒಂದು ಕೋಣೆಯನ್ನು ಬಾಡಿಗೆಗೆ ಕೊಡುವವರು ಇದ್ದೇ ಇರುತ್ತೀರಿ. ಅಂತಹವನೊಬ್ಬನು ಮುಂಗಡದ ಹಣವನ್ನು ಕೈಯಲ್ಲಿ ಹಿಡಿದು ನಿಮ್ಮ ಬಾಗಿಲಿಗೆ ಬಂದರೆ, ಕಡೆಯವರು ಯಾರೆಂಬ ಪ್ರಶ್ನೆಗೆ ಅವನು ಬೆಳೆದ ಮಂದಿರದ ಮೇಲ್ವಿಚಾರಕರ ಹೆಸರನ್ನು ಉತ್ತರವಾಗಿ ಒಪ್ಪಿಕೊಂಡು ಕೋಣೆಯನ್ನು ತೋರಿಸಿರಿ.